ರೆಂಜೊ ಮುಟ್ಟುತ್ತಿದ್ದ ಕಂಬ

ಬೆಳಿಗ್ಗೆ ಡಲ್ಲಾಸ್ ಪಕ್ಕದ ಕಾಪೆಲ್‌ನ ಪಾರ್ಕಿಗೆ ಬಂದ ಕೂಡಲೇ ರೆಂಜೊ ಬೆಲ್ಲೊನಿ ಎಡಗಡೆಯ ಗೋಲ್ ಕಂಬವನ್ನು ಅಂಗೈಯಿಂದ ಒಮ್ಮೆ ಮುಟ್ಟುತ್ತಿದ್ದರು. ಚಳಿಗೆ ಕಬ್ಬಿಣ ಕೊರೆಯುವ ದಿನವೂ ಬಿಟ್ಟವರಲ್ಲ. ಸಹಸ್ರನಾಮ ಹೇಳಿಕೊಳ್ಳುತ್ತ ಅಲ್ಲೇ ಸುತ್ತು ಹಾಕುವ ವಿಜಯಾಗೆ ಅದು ದೇವಸ್ಥಾನದ ಹೊಸ್ತಿಲು ಮುಟ್ಟಿದಂತೆ ಕಾಣುತ್ತಿತ್ತು. ಯಾಕೆಂದು ಕೇಳಿರಲಿಲ್ಲ.

ಅವರಾಗಿ ಹೇಳಿದಷ್ಟನ್ನು ಕೇಳಿಸಿಕೊಂಡಿದ್ದಳು. ಇಟಲಿಯ ಎರಡನೇ ದರ್ಜೆಯ ಫುಟ್‌ಬಾಲ್ ತಂಡಗಳಲ್ಲಿ ಹದಿನಾರು ವರ್ಷ ಎದುರಾಳಿಗಳನ್ನು ತಡೆಯುವ ಡಿಫೆಂಡರ್. ಬಲಗಡೆಯವನಿಗೆ ಪೆಟ್ಟಾದರೆ ಬಲಕ್ಕೆ, ಎಡಗಡೆಯವನು ಮುನಿಸಿಕೊಂಡರೆ ಎಡಕ್ಕೆ, ಬೇಕೆಂದಾಗ ನಡುವಿಗೆ. ಒಮ್ಮೆ ಗೋಲ್‌ಕೀಪರನನ್ನೇ ರೆಫರಿ ಹೊರಗೆ ಕಳಿಸಿದಾಗ ಅವನ ಗ್ಲೌಸ್ ಹಾಕಿಕೊಂಡು ಇಪ್ಪತ್ತು ನಿಮಿಷ ನಿಂತಿದ್ದರು. "ನನ್ನದು ಅಂತ ಒಂದು ಜಾಗ ಇರಲೇ ಇಲ್ಲ" ಎಂದು ನಗುತ್ತಿದ್ದರು. ಮಂಡಿ ಸವೆದ ಮೇಲೆ ಮಗಳಿದ್ದ ಈ ಊರಿಗೆ ಬಂದು ಕನ್ನಡ ಸಂಘದ ಮಕ್ಕಳಿಗೆ ಆಟ ಕಲಿಸುತ್ತಿದ್ದರು.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕನ್ನಡಿಗರ ಕ್ರೀಡಾಕೂಟದಲ್ಲಿ ಅವರಿಗೆ ಸನ್ಮಾನ ಎಂದಾಗ ಒಪ್ಪಿಸಿದವಳು ವಿಜಯಾ. ರೆಂಜೊ ಕೇಳಿದ್ದು ಒಂದೇ: "ಹಳೆಯ ಆಟದ ವಿಡಿಯೊ ಬೇಡ." ಅವಳು ಮಾತು ಕೊಟ್ಟಳು. ಸಂಘದ ಕಾರ್ಯದರ್ಶಿ ಗೋಪಾಲಕೃಷ್ಣನಿಗೂ ಹೇಳಿದಳು.

ಹ್ಯೂಸ್ಟನ್‌ನ ಸಭಾಂಗಣದಲ್ಲಿ ಶಾಲು, ಹಾರ, ಮೈಸೂರು ಪೇಟ ಎಲ್ಲ ಆಯಿತು. ವಿಜಯಾ ಹಣ್ಣಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಗೋಪಾಲಕೃಷ್ಣ ಮೈಕಿಗೆ ಬಂದ.

"ನಮ್ಮ ಕೋಚ್‌ಗೆ ಸಂಕೋಚ ಜಾಸ್ತಿ. ಅದಕ್ಕೇ ಅವರು ಹೊಡೆದ ಒಂದು ಗೋಲ್‌ನ ನಾನೇ ಹುಡುಕಿ ತಂದಿದೀನಿ!"

ವಿಜಯಾ ಬೇಡವೆಂದು ಕೈಯಾಡಿಸುವಷ್ಟರಲ್ಲಿ ದೀಪ ಆರಿತು. ಪರದೆಯ ಮೇಲೆ ಯುವಕ ರೆಂಜೊ ಓಡಿಬಂದು ಕಾಲು ಚಾಚಿದರು. ಚೆಂಡು ಕಾಲಿಗೆ ತಾಗಿ, ಎಡಗಂಬಕ್ಕೆ ಬಡಿದು, ಬಲೆಯೊಳಗೆ ಹೋಯಿತು. ಕಾಮೆಂಟರಿಯವನು "ಬೆಲ್ಲೊನಿ! ಬೆಲ್ಲೊನಿ!" ಎಂದು ಅರಚಿದ. ಸಭೆ ಚಪ್ಪಾಳೆ ತಟ್ಟಿತು.

"ವೇಟ್, ದಟ್ಸ್ ಆನ್ ಓನ್ ಗೋಲ್!" ಮುಂದಿನ ಸಾಲಿನಿಂದ ವಿಜಯಾಳ ಮಗಳು ಸಿಯಾ ಕೂಗಿದಳು. "ಅಮ್ಮಾ, ದಟ್ಸ್ ಹಿಸ್ ಓನ್ ಟೀಮ್!"

ರೆಂಜೊ ಚೆಂಡು ಹಾಕಿದ್ದು ತಮ್ಮದೇ ತಂಡದ ಬಲೆಗೆ. ಚಪ್ಪಾಳೆ ಅಲ್ಲಲ್ಲೇ ನಿಂತುಹೋಯಿತು. ಪರದೆಯ ಮೇಲೆ ಆ ಯುವಕ ಎಡಗಂಬಕ್ಕೆ ಹಣೆ ಒತ್ತಿಕೊಂಡು ಕುಳಿತಿದ್ದ. ಎದುರು ತಂಡದವರು ಕುಣಿಯುತ್ತಿದ್ದರು.

ವಿಜಯಾಗೆ ಈಗ ಹೊಳೆಯಿತು. ಅವರು ದಿನಾ ಎಡಗಂಬ ಮುಟ್ಟುವುದು ಇದಕ್ಕೇ! ತಟ್ಟೆಯ ಕಿತ್ತಳೆಯೊಂದು ಉರುಳಿ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ. ಮಾತು ಕೊಟ್ಟು ಕರೆತಂದು ಹೀಗೆ ಮಾಡಿದೆವಲ್ಲ. ಇನ್ನು ಈ ಮನುಷ್ಯ ನಮ್ಮ ಮಕ್ಕಳ ಮುಖ ನೋಡುತ್ತಾರೆಯೇ? ರೆಂಜೊ ಪೇಟ ತೊಟ್ಟುಕೊಂಡೇ ಅಲುಗಾಡದೆ ಕುಳಿತಿದ್ದರು.

"ಬೇಡ ಅಂದಿದ್ನಲ್ಲೋ, ಗೋಪಾಲಕೃಷ್ಣ!"

"ಬಲೆಗೆ ಬಿತ್ತು, ಜನ ಕುಣಿದ್ರು! ಕ್ರಿಕೆಟ್ ಬಿಟ್ರೆ ನಂಗೇನು ಗೊತ್ತು, ವಿಜಯಕ್ಕ?" ಅವನ ಮುಖ ಬಿಳಿಚಿತ್ತು. ರೆಂಜೊ ಅವರ ಮುಂದೆ ಬಗ್ಗಿ ಇಂಗ್ಲಿಷಿನಲ್ಲಿ ಬೇಡಿಕೊಂಡ: "ಸರ್, ಕಾರ್ಯಕ್ರಮದ ರೆಕಾರ್ಡಿಂಗ್‌ನಲ್ಲಿ ಆ ಭಾಗ ಪೂರ್ತಿ ಕತ್ತರಿಸಿಬಿಡ್ತೀನಿ. ಇನ್ಯಾರೂ ನೋಡಲ್ಲ."

ರೆಂಜೊ ಬಗ್ಗಿ ಕಿತ್ತಳೆ ಎತ್ತಿ ತಟ್ಟೆಗೆ ಇಟ್ಟರು.

"ಬೇಡ, ಕತ್ತರಿಸಬೇಡಿ," ಎಂದರು. "ಆ ಚೆಂಡಿಗೆ ಎಡಗಾಲು ಚಾಚಬೇಕಿತ್ತು, ನಾನು ಬಲಗಾಲು ಚಾಚಿದೆ. ಸೋಮವಾರ ಮಕ್ಕಳಿಗೆ ಅದನ್ನೇ ತೋರಿಸಬೇಕು."