ಮಾವನ ಕೊಡಲಿಯ ಹಳೇ ಕಾವು

ಆ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ದರ್ಜಿ ಅಂಗಡಿ ಎಲ್ಲಿ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಕೊಡಲಿಯಕ್ಕನ ಅಂಗಡಿ ಎಂದರೆ ಮೂರು ವರ್ಷದ ಮಗುವೂ ಬೆರಳು ತೋರಿಸುತ್ತದೆ. ಹೆಸರು ಕೇಳಿ ಹೆದರಿಕೊಂಡು ಹೋದವರಿಗೆ ಅಲ್ಲಿ ಕಾಣುವುದು ಒಬ್ಬ ಗಿಡ್ಡ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಕೊರಳಲ್ಲಿ ಅಳತೆ ಟೇಪು, ತುಟಿಯ ನಡುವೆ ಗುಂಡುಸೂಜಿ. ಆದರೆ ಅಂಗಡಿಗೆ ಅಂಟಿಕೊಂಡೇ ಇದ್ದ ಅವಳ ಮನೆಯ ಕೋಣೆಯ ಬಾಗಿಲು ಸದಾ ತೆರೆದೇ ಇರುತ್ತಿತ್ತು. ತೋಳು ಬಿಗಿಯಾಯಿತು ಎಂದು ಜಗಳಕ್ಕೆ ಬಂದ ಗಿರಾಕಿಗಳು ಆ ಬಾಗಿಲಿನಾಚೆಯ ಗೋಡೆಯನ್ನು ಒಮ್ಮೆ ನೋಡಿ, "ಪರವಾಗಿಲ್ಲ ಬಿಡಕ್ಕ, ನಾನೇ ಸ್ವಲ್ಪ ದಪ್ಪ ಆಗಿದ್ದೀನಿ ಅನ್ಸುತ್ತೆ" ಎಂದು ಹೊರಟುಬಿಡುತ್ತಿದ್ದರು.

ಗೋಡೆಯ ತುಂಬ ಕೊಡಲಿಗಳು. ಮರ ಉರುಳಿಸುವ ದೊಡ್ಡವಲ್ಲ, ಒಂದೇ ಕೈಯಲ್ಲಿ ಎತ್ತುವ ಪುಟ್ಟವು. ಹಿಂಬದಿಯಲ್ಲಿ ಮೊಳೆ ಕೀಳುವ ಸೀಳು ಇರುವಂಥದ್ದು, ಬಡಗಿಗಳು ಮರ ಕೆತ್ತುವ ಒಂದೇ ಮಗ್ಗುಲಿಗೆ ಹರಿತವಾದದ್ದು, ಕಾಡು ಸುತ್ತುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚೋಟುದ್ದದ್ದು. ಇದೆಲ್ಲ ಶುರುವಾದದ್ದು ಹೊಲಿಗೆ ಯಂತ್ರದ ಚಕ್ರ ಹುಡುಕಿಕೊಂಡು ಗುಜರಿ ಅಂಗಡಿಗೆ ಹೋದ ದಿನ. ಚಕ್ರ ಸಿಗಲಿಲ್ಲ. ತುಕ್ಕು ಹಿಡಿದ ಒಂದು ಕೈಗೊಡಲಿ ಸಿಕ್ಕಿತು. ಮನೆಗೆ ತಂದು, ಉಜ್ಜಿ, ಸಾಣೆಕಲ್ಲಿಗೆ ಹಿಡಿದು, ನೇತಾಡುತ್ತಿದ್ದ ನೂಲಿಗೆ ತಾಗಿಸಿದಳು. ನೂಲು ತುಂಡಾದದ್ದು ಅವಳಿಗೇ ಗೊತ್ತಾಗಲಿಲ್ಲ. ಜೀವಮಾನವಿಡೀ ಕತ್ತರಿ ಹಿಡಿದವಳು ಅಂಥ ಅಲಗಿಗೆ ಮರುಳಾಗದೆ ಇರುತ್ತಾಳೆಯೇ?

ಗೋಡೆಗೆ ತೂಗುಹಾಕಿ ನೋಡುತ್ತಾ ಕೂರುವ ಜಾತಿಯವಳಂತೂ ಅಲ್ಲ. ಕೆಲಸ ಕೊಡದ ಕೊಡಲಿ ಮುನಿಸಿಕೊಳ್ಳುತ್ತದೆ ಎನ್ನುವುದು ಅವಳ ಸಿದ್ಧಾಂತ. ದಿನಾ ಬೆಳಿಗ್ಗೆ ಸರದಿಯ ಪ್ರಕಾರ ಒಂದನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬೀದಿಯ ಕೊನೆಯ ಬೇಕರಿಯ ಹಿತ್ತಲಿಗೆ ಹೋಗಿ, ಒಲೆಗೆ ಬೇಕಾದ ಚಕ್ಕೆ ಸೀಳಿಕೊಟ್ಟು, ಬಿಸಿ ಬನ್ನು ಕಟ್ಟಿಸಿಕೊಂಡು ಬರುತ್ತಿದ್ದಳು.

ಗಂಡ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಬಸ್ಸಿನಿಂದ ಇಳಿದಿದ್ದನೇ ಹೊರತು ಬಾಯಿ ಇನ್ನೂ ಬಸ್ಸಿನಲ್ಲೇ ಇತ್ತು. ಅಡುಗೆಮನೆಯಲ್ಲಿ ಅಡ್ಡ ನಿಂತರೆ "ಮುಂದೆ ಹೋಗಿ, ಮುಂದೆ ಜಾಗ ಇದೆ" ಎನ್ನುತ್ತಿದ್ದ. ಒಪ್ಪಿಗೆ ಎನ್ನುವುದಕ್ಕೆ "ರೈಟ್" ಎನ್ನುತ್ತಿದ್ದ. ಕೊಡಲಿಗಳ ವಿಷಯದಲ್ಲಿ ಮಾತ್ರ ಅವನ ಬಾಯಿಂದ ರೈಟ್ ಬಂದದ್ದೇ ಇಲ್ಲ. ಒಮ್ಮೆ ಅವಳು ಬಿಸ್ಕತ್ತಿನ ಪೊಟ್ಟಣವನ್ನು ಕೊಡಲಿಯ ಮೂಲೆಯಿಂದ ಕೊಯ್ದಾಗ, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತ ದೊಡ್ಡವರು ಹೇಳಿದ್ದು ನಿನ್ನಂಥವಳನ್ನ ನೋಡಿಯೇ" ಎಂದ.

"ಉಗುರು ಹರಿತ ಇರ್ಬೇಕಲ್ಲ ರೀ" ಎಂದು ಅವಳು ಬಿಸ್ಕತ್ತು ಕೊಟ್ಟಳು.

ಅವನೇನು ಸಾಚಾ? ಅಂಗಡಿಯ ಮೇಲಿನ ಅಟ್ಟದ ತುಂಬ ಅವನ ಹಳೇ ಪೇಪರುಗಳು. ಯಾವತ್ತೋ ಒಂದು ದಿನ ಓದುತ್ತಾನಂತೆ. ಕೊಡಲಿಗಳನ್ನು ಅಲ್ಲಿಡೋಣ ಎಂದು ಅವಳು ಕೇಳಿದಾಗಲೆಲ್ಲ, "ಸೀಟು ಭರ್ತಿ" ಎಂದು ಕೈ ಎತ್ತಿಬಿಡುತ್ತಿದ್ದ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಪರ ಊರಲ್ಲಿದ್ದ ಮಗಳ ಫೋನು ಬಂತು. ಅವಳಿಗೆ ಈ ಊರಿಗೇ ವರ್ಗವಾಗಿತ್ತು. ಮನೆ ಸಿಗುವವರೆಗೆ ಇಲ್ಲೇ ಇರುವುದು. ಮಗು ಆಗಲೇ ಅಂಬೆಗಾಲಿಡುತ್ತಿತ್ತು. "ಅಮ್ಮಾ, ಆ ಕೋಣೇಲಿ ಮೊಮ್ಮಗ ಇರ್ಲಾ, ನಿನ್ನ ಕೊಡಲಿ ಇರ್ಲಾ, ನೀನೇ ಹೇಳು" ಎಂದಳು. ಕೊಡಲಿಯಕ್ಕ ಒಂದು ದಿನ ಮುಖ ಊದಿಸಿಕೊಂಡು ಕೂತಳು. ಮರುದಿನ ಮೂಗು ಒರೆಸಿಕೊಂಡು, ಹೊಸ ಹೋಟೆಲು ತೆರೆಯುತ್ತಿದ್ದ ಒಬ್ಬನಿಗೆ ಕೊಡಲಿಗಳನ್ನೆಲ್ಲ ಕೊಡುವುದಾಗಿ ಮಾತು ಕೊಟ್ಟಳು. ಅವನು ಬಹಳ ದಿನದಿಂದ ಬೆನ್ನು ಹತ್ತಿದ್ದ. ಕೊಡಲಿಗಳಿಗೆ ವಾರ್ನಿಷ್ ಬಳಿದು, ಊಟದ ಮನೆಯ ಗೋಡೆಗೆ ಸ್ಕ್ರೂ ಹಾಕಿ ಕೂರಿಸುತ್ತಾನಂತೆ. ವಾರ್ನಿಷ್ ಎಂಬ ಮಾತು ಕೇಳಿ ಅವಳು ಮುಖ ಕಿವುಚಿದಳು. ಆದರೂ ಭಾನುವಾರ ವ್ಯಾನು ತನ್ನಿ ಎಂದಳು.

ಆ ವಾರ ಗಂಡ ಮಗಳ ಸಾಮಾನು ಕಟ್ಟಿಸಲು ಅವಳ ಊರಿಗೆ ಹೋದ. ಒಬ್ಬಳೇ ಉಳಿದ ಕೊಡಲಿಯಕ್ಕನಿಗೆ ಅವನ ಟ್ರಂಕಿನಲ್ಲಿದ್ದ ಕೊಡಲಿ ನೆನಪಾಯಿತು. ಅದು ಮಾವನದು. ಸೌದೆ ಡಿಪೋದಲ್ಲಿ ದುಡಿಯುತ್ತಿದ್ದ ಮಾವನನ್ನು ಅವಳು ಫೋಟೋದಲ್ಲಿ ಬಿಟ್ಟರೆ ನೋಡಿದವಳಲ್ಲ. ಗಂಡ ಅದನ್ನು ಹಳೇ ಖಾಕಿ ಅಂಗಿಯಲ್ಲಿ ಸುತ್ತಿಟ್ಟಿದ್ದ. "ಇದೊಂದು ನಿನ್ನ ಗೋಡೆಗೆ ಬೇಡ" ಎಂದು ಒಮ್ಮೆ ಹೇಳಿದ್ದ. ಅವಳೂ ಮುಟ್ಟಿರಲಿಲ್ಲ. ಈಗ ಎಲ್ಲ ಹೋಗುತ್ತಿವೆ, ಉಳಿಯುವ ಈ ಒಂದಾದರೂ ಲಕಲಕ ಹೊಳೆಯಲಿ, ಗಂಡ ಬಂದು ನೋಡಿ ಬೆರಗಾಗಲಿ ಎಂದುಕೊಂಡಳು.

ಕಬ್ಬಿಣ ಚೆನ್ನಾಗಿತ್ತು. ಕೈಹಿಡಿಯ ಮರದ ಕಾವು ಮಾತ್ರ ಮೇಲಿಂದ ಒಂದು ಗೇಣು ಸೀಳಿತ್ತು. ದರ್ಜಿಯ ಲೆಕ್ಕದಲ್ಲಿ ಕಬ್ಬಿಣವೇ ಮೈ, ಕಾವು ಅದಕ್ಕೆ ತೊಡಿಸಿದ ಬಟ್ಟೆ. ಹರಿದರೆ ಹೊಸದು ಹೊಲಿಯಬೇಕು, ಮುಗಿಯಿತು. ಬೆಳ್ಳಗಿನ ಮರದಲ್ಲಿ ಹೊಸ ಕಾವು ಕೆತ್ತಿ ಕೂರಿಸಿದಳು. ಹಳೆಯದನ್ನು ಎಸೆಯಲು ಮನಸ್ಸಾಗಲಿಲ್ಲ. ವರ್ಷಗಟ್ಟಲೆ ಬೆವರು ಎಣ್ಣೆ ಕುಡಿದು ಕಪ್ಪಾಗಿ, ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಮರ. ಬೆಣೆಗೆ ಇದಕ್ಕಿಂತ ಬೇಕೇ? ಕಾವಿನ ನೆತ್ತಿಯ ಸೀಳಿಗೆ ಬಡಿದು, ಕೊಡಲಿಯ ತಲೆ ಅಲ್ಲಾಡದಂತೆ ಬಿಗಿಮಾಡುವ ಚಕ್ಕೆಯೇ ಬೆಣೆ. ಆ ಬೇಸಗೆಯ ಒಣ ಬಿಸಿಲಿಗೆ ಗೋಡೆಯ ಮೇಲಿದ್ದ ಎಲ್ಲ ಕೊಡಲಿಗಳ ತಲೆಯೂ ಸಡಿಲವಾಗಿತ್ತು. ನಾಳೆ ಹೋಟೆಲಿನಲ್ಲಿ ಊಟಕ್ಕೆ ಕೂತವರ ತಟ್ಟೆಗೆ ಬಿದ್ದರೆ? ಅವಳು ಹಳೇ ಕಾವನ್ನು ಗರಗಸದಲ್ಲಿ ಕೊಯ್ದು, ಒಂದೊಂದಕ್ಕೂ ಒಂದೊಂದು ಬೆಣೆ ಬಡಿದಳು. ಹೆಣ್ಣುಮಕ್ಕಳನ್ನು ಕಳಿಸಿಕೊಡುವಾಗ ಬರಿಗೈಯಲ್ಲಿ ಕಳಿಸಬಾರದು ಎಂದು ಸಮಾಧಾನವನ್ನೂ ಮಾಡಿಕೊಂಡಳು.

ಶನಿವಾರ ಗಂಡ ಮಗಳಿಗಿಂತ ಮುಂಚೆ ವಾಪಸು ಬಂದ. ಕಾಲು ತೊಳೆದು ಕೂತವನ ಮಡಿಲಿಗೆ ಅವಳು ಖಾಕಿ ಗಂಟು ಇಟ್ಟಳು. "ಬಿಚ್ಚಿ ನೋಡಿ."

ಅವನು ಬಿಚ್ಚಿದ. ಅಲಗಿನ ಹೊಳಪು ನೋಡಲಿಲ್ಲ. ಕಾವನ್ನು ಹಿಡಿದು, ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿದ, ಕತ್ತಲಲ್ಲಿ ಸ್ವಿಚ್ಚು ತಡಕುವವನಂತೆ.

"ಕಾವು ಎಲ್ಲಿ?"

"ಸೀಳಿತ್ತು ರೀ. ಹೊಸದು ಹಾಕಿದ್ದೀನಿ. ಹೇಗಿದೆ?"

"ಹಳೇದು ಎಲ್ಲಿ?"

ಅವಳು ಗೋಡೆಯ ಕಡೆಗೆ ನೋಡಿದಳು. ಅವನೇ ಮೆಲ್ಲಗೆ ಹೇಳಿದ. "ಅಪ್ಪ ಹೆಬ್ಬೆರಳು ಊರಿ ಊರಿ ಅದರಲ್ಲಿ ಒಂದು ಹಳ್ಳ ಬಿದ್ದಿತ್ತು. ಚಿಕ್ಕವನಿದ್ದಾಗ ನನ್ನ ಬೆರಳು ಅದರಲ್ಲಿ ಇಟ್ಟು ನೋಡ್ತಿದ್ದೆ. ನೀನು ನಗ್ತೀಯ ಅಂತ ಹೇಳಿರಲಿಲ್ಲ. ಈಗಲೂ ಒಂದೊಂದು ಸಲ ಇಡ್ತಿದ್ದೆ. ಅಪ್ಪನ ಕೈ ಹಿಡಿದ ಹಾಗೆ ಇರ್ತಿತ್ತು."

ಹಳೇ ಬಟ್ಟೆ ಯಾರೇ ತರಲಿ, ಇದು ಇರುವವರದೋ ಹೋದವರದೋ ಎಂದು ಕೇಳದೆ ಕತ್ತರಿ ಹಾಕಿದವಳಲ್ಲ ಕೊಡಲಿಯಕ್ಕ. ಹೋದವರದಾದರೆ ಉಳಿದ ಚೂರನ್ನೂ ಗಂಟು ಕಟ್ಟಿ ವಾಪಸು ಕೊಡುತ್ತಿದ್ದಳು. ಅಂಥವಳು ಮನೆಯವನನ್ನು ಒಂದು ಮಾತು ಕೇಳಲಿಲ್ಲ. ಕೊಡಲಿ ಕಾವು ಕುಲಕ್ಕೆ ಸಾವು ಎಂದು ಗಂಡ ರೇಗಿಸಿದಾಗಲೆಲ್ಲ ನಗುತ್ತಿದ್ದಳು. ಇವತ್ತು ಆ ಗಾದೆ ತನ್ನ ಕಡೆಗೇ ತಿರುಗಿ ನಿಂತಿತ್ತು.

"ಬೆಣೆ ಮಾಡಿಬಿಟ್ಟೆ" ಎಂದಳು. "ಎಲ್ಲಾದಕ್ಕೂ ಬಡಿದಿದ್ದೀನಿ. ಕೀಳೋಕೆ ಹೋದರೆ ಪುಡಿ ಆಗುತ್ತೆ. ತಪ್ಪಾಯ್ತು ರೀ."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಕೊಡಲಿಯನ್ನು ಖಾಕಿ ಅಂಗಿಯಲ್ಲಿ ಸುತ್ತಿ ಮೆಟ್ಟಿಲ ಮೇಲೆ ಹೋಗಿ ಕೂತ. ಊಟಕ್ಕೆ ಬಂದ, ಉಂಡ, ಎದ್ದ. ಅವಳು ಬೇಕೆಂದೇ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರೂ ಮುಂದೆ ಹೋಗಿ ಎನ್ನಲಿಲ್ಲ, ಪಕ್ಕದಿಂದ ನುಸುಳಿಕೊಂಡು ಹೋದ.

ಇನ್ನೊಂದು ಸಂಕಟ ಬೇರೆ ಇತ್ತು. ನಾಳೆ ವ್ಯಾನು ಬಂದರೆ ಮಾವನ ಕಾವು ಚೂರುಚೂರಾಗಿ ಹೋಟೆಲಿನ ಪಾಲು. ಕೊಡಲಿ ಕೊಡುವುದು ಬೇಡ ಎನ್ನೋಣವೆಂದರೆ ಯಾವ ಬಾಯಲ್ಲಿ ಎನ್ನುವುದು? ತನ್ನ ಕೊಡಲಿ ಉಳಿಸಿಕೊಳ್ಳಲು ಅಪ್ಪನ ನೆಪ ತೆಗೆದಳು ಎಂದು ಅವನಿಗೆ ಅನ್ನಿಸಿದರೆ? ಬೆಳಗಿನವರೆಗೂ ಇದನ್ನೇ ಮಗುಚಿ ಹಾಕಿ, ಕೊನೆಗೆ ಬಾಯಿಗೆ ಬೀಗ ಹಾಕಿಕೊಂಡಳು.

ಭಾನುವಾರ ಹೋಟೆಲಿನವನು ವ್ಯಾನು ತಂದ. ಹುರುಪಿನಿಂದ ಒಳಗೆ ಬಂದು ಗೋಡೆಯಿಂದ ಮೊದಲನೆಯ ಕೊಡಲಿ ಇಳಿಸಿದ. ಮೆಟ್ಟಿಲ ಮೇಲಿದ್ದ ಗಂಡ ಎದ್ದು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡು, ನೆತ್ತಿಯನ್ನು ಬೆಳಕಿಗೆ ಹಿಡಿದ. ಬಿಳಿ ಮರದ ನಡುವೆ ಒಂದು ಕಪ್ಪು ಗೆರೆ. ಅದರ ಮೇಲೆ ಹೆಬ್ಬೆರಳು ಎಳೆದ. ಎರಡನೆಯದನ್ನು ನೋಡಿದ, ಮೂರನೆಯದನ್ನು ನೋಡಿದ. ಬಸ್ಸಿನ ಈ ತುದಿಯಿಂದ ಆ ತುದಿಯವರೆಗೆ ಟಿಕೆಟು ನೋಡುವವನ ಹಾಗೆ ಗೋಡೆಯ ಉದ್ದಕ್ಕೂ ಒಂದನ್ನೂ ಬಿಡದೆ ನೋಡಿದ.

"ಇವು ಕೊಡೋದಿಲ್ಲ" ಎಂದ.

"ಅಮ್ಮ ಮಾತು ಕೊಟ್ಟಿದ್ದಾರಲ್ಲ ಯಜಮಾನರೇ" ಎಂದ ಹೋಟೆಲಿನವನು.

"ಅವಳು ಕೊಟ್ಟಾಗ ಇವು ಅವಳವು. ಈಗ ಒಂದೊಂದರಲ್ಲೂ ನಮ್ಮಪ್ಪ ಇದ್ದಾರೆ."

ಹೋಟೆಲಿನವನು ಕೊಡಲಿಯಕ್ಕನ ಮುಖ ನೋಡಿದ. ಅವಳು ಸೆರಗಿನಲ್ಲಿ ಕಣ್ಣೊರೆಸುತ್ತಿದ್ದಳು, ಅವಳಿಂದ ಏನೂ ಉಪಯೋಗವಿರಲಿಲ್ಲ. "ಹೋಗಲಿ, ಒಂದಾದ್ರೂ?" ಎಂದ.

"ಅಪ್ಪನ್ನ ಚಿಲ್ಲರೆಯಾಗಿ ಕೊಡೋಕಾಗುತ್ತಾ?" ಎಂದು ಗಂಡ ಅವನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆದೊಯ್ದು, ಒಂದು ಬನ್ನು ಕೈಗಿತ್ತು, ವ್ಯಾನಿಗೆ ಹತ್ತಿಸಿದ. ಆಮೇಲೆ ವ್ಯಾನಿನ ತಗಡಿನ ಮೇಲೆ ಎರಡು ಸಲ ಬಡಿದು ಬೀದಿಗೆಲ್ಲ ಕೇಳುವಂತೆ ಕೂಗಿದ. "ರೈಟ್, ರೈಟ್!"

ಒಳಗೆ ನಿಂತಿದ್ದ ಕೊಡಲಿಯಕ್ಕನಿಗೆ ಆ ದನಿ ಕೇಳಿ ಹೋದ ಜೀವ ಬಂದಂತಾಯಿತು. "ಮಗು ಬರುತ್ತಲ್ಲ ರೀ, ಇವನ್ನ ಎಲ್ಲಿಡೋದು?" ಎಂದಳು.

ಅವನು ಮೇಲೆ ನೋಡಿದ. ಅಟ್ಟದ ತುಂಬ ಪೇಪರು. ಒಂದು ನಿಟ್ಟುಸಿರು ಬಿಟ್ಟು, ಏಣಿ ತಂದು, ಮಧ್ಯಾಹ್ನದವರೆಗೂ ಕಟ್ಟು ಕಟ್ಟಾಗಿ ಕೆಳಗೆ ಹಾಕಿದ. ನಡುನಡುವೆ ಒಂದೊಂದನ್ನು ಬಿಡಿಸಿ ಓದಲು ಹೋಗಿ, ಅವಳು ಕೆಮ್ಮಿದಾಗ ಮಡಚುತ್ತಿದ್ದ. ಕೊಡಲಿಗಳನ್ನು ತಾನೇ ಮೇಲೆ ಜೋಡಿಸಿ, ಅಟ್ಟದ ಬಾಗಿಲಿಗೆ ಬೀಗ ಹಾಕಿ, ಬೀಗದಕೈಯನ್ನು ಅವಳಿಗೆ ಕೊಟ್ಟ.

ಸಂಜೆ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದರು. ಖಾಕಿ ಗಂಟು ನಡುವೆ ಇತ್ತು. ಅವನು ಅದನ್ನು ಬಿಚ್ಚಿ, ಹೊಸ ಕಾವಿನ ನುಣುಪಿನ ಮೇಲೆ ಹೆಬ್ಬೆರಳಿಟ್ಟು ಸುಮ್ಮನೆ ನೋಡಿದ.

"ಹಳ್ಳ ಬೀಳೋಕೆ ಎಷ್ಟು ವರ್ಷ ಬೇಕು?" ಎಂದು ಕೇಳಿದ.

ಕೊಡಲಿಯಕ್ಕ ಸುಳ್ಳು ಹೇಳಲಿಲ್ಲ. "ಮಾವನ ಹಾಗೆ ದಿನಾ ಸೌದೆ ಒಡೆದರೆ ಒಂದು ಮೂವತ್ತು ವರ್ಷ."

ಅರವತ್ತು ದಾಟಿದ ಅವನು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದ.

"ಅಷ್ಟರೊಳಗೆ ಮೊಮ್ಮಗನ ಹೆಬ್ಬೆರಳೂ ದಪ್ಪ ಆಗಿರುತ್ತೆ" ಎಂದ. "ನಾಳೆ ಬೇಕರಿಗೆ ಹೋಗುವಾಗ ನನ್ನನ್ನೂ ಎಬ್ಬಿಸು."