ಬಣ್ಣ ಇನ್ನೂ ಹಸಿ ಇತ್ತು

ಹೋದ ವಾರ ನಮ್ಮ ಮನೆಯ ಗೇಟಿಗೆ ಬಣ್ಣ ಹಚ್ಚುವವನು ಬಂದಿದ್ದ. ಹಳೆಯ ತುಕ್ಕು ಕೆರೆದು ಮುಗಿಸಿ ರೆಡ್ ಆಕ್ಸೈಡ್ ಡಬ್ಬಿಯ ಮುಚ್ಚಳ ತೆಗೆದ. ಆ ವಾಸನೆ ಅಡುಗೆಮನೆಯವರೆಗೂ ಬಂತು. ಒಲೆಯ ಮೇಲೆ ಹಾಲು ಇಟ್ಟಿದ್ದನ್ನು ಮರೆತು ಸುಮ್ಮನೆ ನಿಂತುಬಿಟ್ಟೆ... ಒಂದು ಬೇಸಿಗೆ ಪೂರ್ತಿ ಅದೇ ವಾಸನೆ ಬಾಜೂಮನೆಯ ದೊಡ್ಡವ್ವನ ಸೀರೆಯಿಂದ ಬರುತ್ತಿತ್ತು.

ದೊಡ್ಡವ್ವ ನನಗೆ ಬಳಗದವಳಲ್ಲ. ನಾನು ಕಲಘಟಗಿಯ ಶಾಲೆಗೆ ವರ್ಗವಾಗಿ ಬಂದು ಆ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಾಗ, ಮೊದಲ ದಿನ ಗೋಡೆಯ ಮೇಲಿಂದ ಬಿಸಿ ರೊಟ್ಟಿ ಕೊಟ್ಟವಳು ಅವಳು. ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆ ಒಂದೇ. ಅವಳಿಗೆ ಮಕ್ಕಳಿರಲಿಲ್ಲ. ಗಂಡ, ಅಂದರೆ ಓಣಿಯವರೆಲ್ಲ ಯಜಮಾನರು ಎನ್ನುತ್ತಿದ್ದವರು, ಹುಬ್ಬಳ್ಳಿ ರಸ್ತೆಯಲ್ಲಿ ಬಹಳ ವರ್ಷ ಗ್ಯಾರೇಜು ನಡೆಸಿದ್ದರು. ತಗಡಿನ ಕೆಲಸದಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲವಂತೆ. ಎರಡು ಸಲ ಲಕ್ವಾ ಹೊಡೆದು ಮಂಚ ಹಿಡಿದಿದ್ದರು. ಕಾಲಿಗೆ ಸ್ವಾಧೀನವಿರಲಿಲ್ಲ, ಕೈಗೆ ತುತ್ತು ಎತ್ತುವಷ್ಟು ಕಸುವಿರಲಿಲ್ಲ. ನಾಲಿಗೆ ಮಾತ್ರ ಮೊದಲಿನ ಹಾಗೆಯೇ ಇತ್ತು.

ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ಕಾರು ನಿಂತಿತ್ತು. ಮೂವತ್ತು ವರ್ಷದ ಹಳೆಯ ಬಿಳಿ ಕಾರು. ನಾಲ್ಕು ಮಳೆಗಾಲ ಕದಲದೆ ನಿಂತು ಬಾಗಿಲುಗಳ ಕೆಳಗೆ, ಚಕ್ರಗಳ ಮೇಲೆ, ಕಾಲಿಡುವ ತಳದಲ್ಲಿ ತುಕ್ಕು ತಿಂದಿತ್ತು. ತಾವು ಸಾಯುವುದರೊಳಗೆ ಅದು ಮೊದಲಿನ ಹಾಗಾಗಬೇಕೆಂದು ಯಜಮಾನರು ಹಟ ಹಿಡಿದರು. ಅವರ ಕೈಕೆಳಗೆ ಕಲಿತ ಒಬ್ಬನೂ ಬರಲಿಲ್ಲ. ಅವರ ಬೈಗುಳ ತಿಂದು ಕಲಿತವರು ಮತ್ತೆ ಯಾಕೆ ಬಂದಾರು? ಆಮೇಲೆ ಅವರು ಹೆಂಡತಿಯನ್ನು ಕರೆದರು. ಕಾರು ಸರಿಯಾದ ದಿನ ಅದರಲ್ಲೇ ಅವಳನ್ನು ತಂಬೂರಿಗೆ ಕಳಿಸುವುದಾಗಿ ಮಾತು ಕೊಟ್ಟರು.

ತಂಬೂರು ದೊಡ್ಡವ್ವನ ತವರು. ಆ ಕಾರು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಅಪ್ಪ ತೀರಿಕೊಂಡಾಗಲೂ ಕೆಸರಾಗುತ್ತದೆಂದು ಯಜಮಾನರು ಅವಳನ್ನು ಬಸ್ಸಿಗೆ ಹತ್ತಿಸಿದ್ದರು. ಅವ್ವ ಇನ್ನೂ ಇದ್ದಳು, ಕಣ್ಣು ಮಬ್ಬಾಗಿತ್ತು. ಅಳಿಯನ ಕಾರು ತನ್ನ ಬಾಗಿಲಿಗೆ ಬಂದದ್ದನ್ನು ಕೈಯಿಂದ ಮುಟ್ಟಿಯಾದರೂ ನೋಡುತ್ತೇನೆ ಅನ್ನುತ್ತಿದ್ದಳಂತೆ.

ದೊಡ್ಡವ್ವ ಕೆಲಸಕ್ಕೆ ಕೂತಳು. ಅರವತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿ, ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಗೆ ಮಲಗುತ್ತಿದ್ದಳು. ಓಣಿಯ ಹೆಂಗಸರು ಬಂದು ನೋಡಿ ನಕ್ಕು ಹೋಗುತ್ತಿದ್ದರು. ನಾನೂ ನಕ್ಕಿದ್ದೇನೆ. ತಂತಿ ಬ್ರಷ್ಷಿನಿಂದ ತುಕ್ಕು ಉದುರಿಸಿ, ಪಾಲಿಶ್ ಪೇಪರಿನಿಂದ ತಿಕ್ಕಿ, ತೂತು ಬಿದ್ದಲ್ಲಿ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಕೂರಿಸಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಪುಟ್ಟಿ ಮೆತ್ತಬೇಕಿತ್ತು. ಮಂಚದಿಂದ ಯಜಮಾನರಿಗೆ ಕಾರು ಕಾಣುತ್ತಿರಲಿಲ್ಲ, ಆದರೆ ಸಪ್ಪಳ ಕೇಳುತ್ತಿತ್ತು. ಅಷ್ಟೇ ಸಾಕಾಗಿತ್ತು.

“ಇನ್ನೂ ತುಕ್ಕ ಐತಲ್ಲಿ. ತಗಡಿನ ಸಪ್ಪಳ ಬರವಲ್ದು. ಕೆರಿ,” ಅನ್ನುತ್ತಿದ್ದರು.

ಅವಳು ಕೆರೆಯುತ್ತಿದ್ದಳು. ಒಮ್ಮೆ ಪೂರ್ತಿ ಮುಗಿಸಿ ಪುಟ್ಟಿ ಮೆತ್ತಿದ್ದ ಬಾಗಿಲನ್ನು, ಅವಳ ಬೆರಳಿನಿಂದ ತಟ್ಟಿಸಿ ಸಪ್ಪಳ ಕೇಳಿ, ಎಲ್ಲ ಕಿತ್ತು ಮತ್ತೆ ಮಾಡು ಅಂದರು. ಅವಳ ಬೆರಳ ತುದಿಗಳ ಚರ್ಮ ಸುಲಿದು ರೊಟ್ಟಿಯ ಹಿಟ್ಟಿನಲ್ಲಿ ರಕ್ತ ಹತ್ತುತ್ತಿತ್ತು. ಅದಕ್ಕೂ ಅವರು ಬೈದರು. ನಾಲ್ಕು ತಿಂಗಳು ಹೀಗೆ... ಕೊನೆಗೆ ಬಣ್ಣ ಬಿದ್ದಾಗ, ಒಪ್ಪಿಕೊಳ್ಳಲೇಬೇಕು, ಕಾರು ಹೊಸದರಂತೆ ಕಾಣುತ್ತಿತ್ತು.

ಬಣ್ಣ ಹಚ್ಚಿದ ಮಾರನೆಯ ಬೆಳಿಗ್ಗೆ ಯಜಮಾನರ ತಮ್ಮನ ಮಗ ಬಂದು ಹೊಸ ಬ್ಯಾಟರಿ ಹಾಕಿ ಇಂಜಿನ್ ಚಾಲೂ ಮಾಡಿ ನೋಡಿದ್ದ. ಅದೇ ಹೊತ್ತಿಗೆ ತಂಬೂರಿನಿಂದ ಫೋನು ಬಂತು. ಅವ್ವನಿಗೆ ಮೇಲುಸಿರು ಹತ್ತಿದೆ, ಮಗಳ ಹೆಸರು ಹಿಡಿದು ಕೇಳುತ್ತಿದ್ದಾಳೆ ಅಂತ. ನಾನು ಗೋಡೆಯ ಈಚೆ ಬಟ್ಟೆ ಒಣಹಾಕುತ್ತಿದ್ದೆ. ತಮ್ಮನ ಮಗ ಕೀಲಿಕೈ ಹಿಡಿದುಕೊಂಡೇ ನಿಂತಿದ್ದ. ದೊಡ್ಡವ್ವ ಮಂಚದ ಹತ್ತಿರ ಹೋಗಿ ಕೇಳಿದಳು.

“ಬಣ್ಣ ಇನ್ನೂ ಹಸಿ ಐತಿ,” ಎಂದರು ಯಜಮಾನರು. “ಎಂಟ ದಿನ ಧೂಳ ಬೀಳಬಾರ್ದು.”

“ಅವ್ವ ಎಂಟ ದಿನ ಇರಾಂಗಿಲ್ರಿ.”

“ಹಂಗಾರ ಬಸ್ಸಿಗೆ ಹೋಗು.”

ಅವಳು ಮತ್ತೆ ಕೇಳಲಿಲ್ಲ. ಕೈ ತೊಳೆದು, ಸೀರೆ ಬದಲಿಸಿ ಬಸ್‌ಸ್ಟ್ಯಾಂಡಿಗೆ ಹೋದಳು. ಬಸ್ಸು ಬಹಳ ತಡವಾಗಿ ಬಂತಂತೆ. ತವರಿನ ಬಾಗಿಲಿಗೆ ಕಾಲಿಡುವಷ್ಟರಲ್ಲಿ ಅವ್ವನ ಉಸಿರು ನಿಂತು ಅರ್ಧ ಗಂಟೆಯಾಗಿತ್ತು.

ಕರ್ಮ ಮುಗಿಸಿಕೊಂಡು ಬಂದ ಮೇಲೆ ದೊಡ್ಡವ್ವ ದಿನಾಲೂ ಕಾರು ತೊಳೆಯತೊಡಗಿದಳು. ಬಕೆಟ್ಟಿನ ನೀರಿನ ಸಪ್ಪಳ ಕೇಳಿ ಯಜಮಾನರು ಖುಷಿಯಾದರು. ನೋಡಲು ಬಂದವರ ಮುಂದೆ, ಈಗ ಇವಳಿಗೆ ಬುದ್ಧಿ ಬಂತು ಎಂದು ಹೊಗಳಿದರು. ಅವರು ಅವಳನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಒಂದು ಮುಂಜಾನೆ ಗೋಡೆಯ ಮೇಲಿಂದ ನೋಡಿದೆ. ದೊಡ್ಡವ್ವ ಉಡಿಯಿಂದ ಎರಡು ಹಿಡಿ ಹರಳುಪ್ಪು ತೆಗೆದು ಬಕೆಟ್ಟಿಗೆ ಹಾಕಿ ಕೈಯಾಡಿಸಿದಳು. ಕಾರಿನ ಬಾಗಿಲು ತೆರೆದು, ಕಾಲಿಡುವಲ್ಲಿನ ಚಾಪೆ ಎತ್ತಿ, ಆ ನೀರನ್ನು ನಿಧಾನವಾಗಿ ಸುರಿದಳು. ತಲೆ ಎತ್ತಿದಾಗ ನಾನು ಅವಳ ಕಣ್ಣಿಗೆ ಬಿದ್ದೆ.

“ನೋಡಿದೇನು ತಂಗಿ? ನೋಡು,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಒಳಗೆ ಹೋದೆ. ಯಾರಿಗೂ ಹೇಳಲಿಲ್ಲ.

ಮಳೆಗಾಲ ಬಂತು, ಹೋಯಿತು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಅಷ್ಟರಲ್ಲಿ ಯಜಮಾನರು ಕಾರನ್ನು ತಮ್ಮನ ಮಗನಿಗೆ ಕೊಡುವುದಾಗಿ ಸಾರಿದ್ದರು. ಮಹಾನವಮಿಯ ದಿನ ಅವನು ಹೂವಿನ ಹಾರ ತಂದ. ಯಜಮಾನರನ್ನು ಮಂಚ ಸಮೇತ ಹೊರಗೆ ತಂದು ಶೆಡ್ಡಿನ ಮುಂದೆ ಇಟ್ಟರು. ನಾವೆಲ್ಲ ನೋಡಲು ನಿಂತಿದ್ದೆವು. ಹತ್ತಿರದಿಂದ ನೋಡಿದರೆ ಬಾಗಿಲುಗಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಹುಡುಗ ಒಳಗೆ ಕೂತು ಕ್ಲಚ್ಚು ಒತ್ತಲು ಹಿಮ್ಮಡಿ ಊರಿದ. ತಗಡು ಹಪ್ಪಳದಂತೆ ಮುರಿದು ಅವನ ಕಾಲು ನೆಲಕ್ಕೆ ಹೋಯಿತು.

ಯಾರೋ ನಕ್ಕರು. ಯಜಮಾನರು ಒಂದು ಚೂರು ತುಕ್ಕು ತರಲು ಹೇಳಿದರು. ಅವನು ತಂದು ಅಂಗೈಯಲ್ಲಿಟ್ಟ. ಬಹಳ ಹೊತ್ತು ನೋಡಿದರು. ಆಮೇಲೆ ಕೈಯನ್ನು ಎದೆಯ ಮೇಲಿಂದ ಎಳೆದುಕೊಂಡು, ಕುತ್ತಿಗೆ ಬಗ್ಗಿಸಿ, ಆ ಚೂರಿಗೆ ನಾಲಿಗೆ ಹಚ್ಚಿದರು.

ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು. ಅವರು ಅವಳನ್ನು ನೋಡಿದರು. ಈಗ ಇಡೀ ಓಣಿ ಕೇಳುವ ಹಾಗೆ ಬೈಯುತ್ತಾರೆಂದು ನಾನು ಕಾದೆ.

“ಮಳಿ ನೀರ ಹೊಕ್ಕೈತಿ,” ಎಂದರು ಅಷ್ಟೇ. “ಗುಜರಿಗೆ ಹಾಕ್ರಿ.”

ಅವತ್ತಿನಿಂದ ಅವರು ಹೆಂಡತಿಯ ಜೊತೆ ಮಾತಾಡಲಿಲ್ಲ. ಅವಳು ಎಂದಿನಂತೆ ಮೈ ಒರೆಸುತ್ತಿದ್ದಳು, ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅವರು ಪ್ರತಿ ತುತ್ತಿಗೂ ಮೊದಲು ಅವಳ ಕೈಯನ್ನು ನೋಡುತ್ತಿದ್ದರು, ಆಮೇಲೆ ಬಾಯಿ ತೆರೆಯುತ್ತಿದ್ದರು. ಒಮ್ಮೆ ನಾನು ಹೋದಾಗ ಅವಳು ಖಾಲಿ ತಾಟು ಹಿಡಿದು ಹೊರಗೆ ಬಂದು ನನ್ನ ಪಕ್ಕ ಕೂತಳು. ನೆಲ ನೋಡುತ್ತಾ ಹೇಳಿದಳು:

“ಕಾರ್ ಹಾಳ ಮಾಡಿದ್ದಕ್ಕ ನಂಗೇನೂ ಅನಸಂಗಿಲ್ಲ ತಂಗಿ. ಅವರು ನನಗ ಹೆದರ್ತಾರ. ಅದನ್ನ ನೋಡಾಕ ನನಗ ಚಲೋ ಅನಸ್ತೈತಿ. ಅದಕ್ಕ ನನಗ ನನ್ನ ಕಂಡ್ರ ಹೇಸಿಗಿ.”

ನಾನು ಅವಳ ಕೈಯಿಂದ ತಾಟು ತೆಗೆದುಕೊಂಡು ತೊಳೆದಿಟ್ಟೆ. ಆ ಚಳಿಗಾಲ ಮುಗಿಯುವ ಮೊದಲೇ ಯಜಮಾನರು ಹೋದರು. ಕೊನೆಯ ತುತ್ತಿನ ತನಕ ಅವಳ ಕೈಯನ್ನೇ ನೋಡುತ್ತಿದ್ದರಂತೆ.

ದೊಡ್ಡವ್ವ ಆಮೇಲೆ ನಾಲ್ಕು ವರ್ಷ ಇದ್ದಳು. ಮಾತು ಕಡಿಮೆಯಾಗಿತ್ತು, ರೊಟ್ಟಿ ಮಾತ್ರ ಗೋಡೆಯ ಮೇಲಿಂದ ಬರುತ್ತಿತ್ತು. ಹೋದ ವರ್ಷ ಅವಳೂ ಹೋದಳು. ತಮ್ಮನ ಮಗ ಮನೆ ಮಾರಿದ. ಕೊಂಡವರು ಶೆಡ್ಡು ಕಿತ್ತು ಅಲ್ಲಿ ಎರಡು ಅಂಗಡಿ ಕಟ್ಟಿಸುತ್ತಿದ್ದಾರೆ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆದುಬಿಡಬೇಕು. ತಂಬೂರಿನಿಂದ ಫೋನು ಬಂದ ಆ ಬೆಳಿಗ್ಗೆ ನನ್ನ ಸ್ಕೂಟರ್ ಮನೆಯ ಮುಂದೆಯೇ ಇತ್ತು. ಅಲ್ಲಿಗೆ ಅರ್ಧ ಗಂಟೆಯ ದಾರಿ. ಗಂಡ ಹೆಂಡಿರ ನಡುವೆ ನಾನೇಕೆ ಬಾಯಿ ಹಾಕಲಿ ಅಂದುಕೊಂಡೆ, ಶಾಲೆಗೆ ತಡವಾಗುತ್ತದೆ ಅಂದುಕೊಂಡೆ. ಶಾಲೆಗೆ ಹೋಗುವಾಗ ಬಸ್‌ಸ್ಟ್ಯಾಂಡಿನ ಮುಂದೆ ಹಾದೆ. ದೊಡ್ಡವ್ವ ಇನ್ನೂ ಅಲ್ಲೇ ನಿಂತಿದ್ದಳು. ಅವಳು ನನ್ನನ್ನು ನೋಡಿದಳು, ಕೈ ಎತ್ತಲಿಲ್ಲ. ನಾನು ಕಾಣದವಳ ಹಾಗೆ ಗಾಡಿ ಓಡಿಸಿಕೊಂಡು ಹೋದೆ.

ಅಷ್ಟು ವರ್ಷ ಗೋಡೆಯ ಆಚೆ ಈಚೆ ಇದ್ದೆವು. ಅವಳು ಒಮ್ಮೆಯೂ ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳಬೇಕೆಂದರೆ ಆಚೆ ಬರೀ ಇಟ್ಟಿಗೆ ಇಳಿಸುವ ಸಪ್ಪಳ.