ಕನ್ನಡಿ ಮೇಲೇಳುವ ಗಳಿಗೆ

ನಮ್ಮ ಭಾವ ನಲವತ್ತು ವರ್ಷದಿಂದ ಫೋಟೋ ತೆಗೆಯುವವರು. ಕೆಳಗೆ ಅವರ ಸ್ಟುಡಿಯೊ, ಮೇಲೆ ನನ್ನ ಕ್ಯಾಮೆರಾ ರಿಪೇರಿ ಅಂಗಡಿ. ನಡುವೆ ಹದಿನಾಲ್ಕು ಮೆಟ್ಟಿಲು. ನನಗೆ ಈ ಕೆಲಸ ಯಾರೂ ಹೇಳಿಕೊಟ್ಟಿಲ್ಲ. ಬಿಚ್ಚಿ ಜೋಡಿಸಿ, ಬೈಸಿಕೊಂಡು ಕಲಿತೆ.

ಇನ್ನು ಭಾರ ಹೊತ್ತರೆ ಬಲಗೈ ಮೇಲೇಳುವುದಿಲ್ಲವೆಂದು ಡಾಕ್ಟರು ಭಾವನಿಗೆ ಖಡಾಖಂಡಿತ ಹೇಳಿದರು. ಭಾವನ ಮಗಳು ಅಂಗೈಯಗಲದ ಮಿರರ್‌ಲೆಸ್ ಕ್ಯಾಮೆರಾವೊಂದನ್ನು ಒಂದು ವಾರ ನೋಡಲೆಂದು ತಂದಳು. ಅಪ್ಪ, ಮಗಳು ಜಗಳವಾಡುತ್ತಲೇ ಮೆಟ್ಟಿಲು ಹತ್ತಿ ಬಂದರು.

“ಮಾವ, ನೀವಾದ್ರೂ ಹೇಳಿ. ಇವರು ಹೊರ್ತಿರೋದು ಫುಲ್ ಫ್ರೇಮ್ ಡಿಎಸ್ಎಲ್ಆರ್ ಅಲ್ಲ, ಬಂಡೆ.”

“ಈ ಬೆಂಕಿಪೊಟ್ಟಣ ಹಿಡ್ಕೊಂಡು ಮದುವೆಗೆ ಹೋದ್ರೆ ಫೋಟೋದವನು ಅಂತಾರೇನೇ? ಬೀಡಿ ಹಚ್ಚೋಕೆ ಬಂದವನು ಅಂತಾರೆ!”

ನಾನು ಎರಡನ್ನೂ ತಿರುಗಿಸಿ ನೋಡಿದೆ. ದೊಡ್ಡದರ ಹೊಟ್ಟೆಯೊಳಗೊಂದು ಕನ್ನಡಿ. ನಾವು ಕಣ್ಣಿಡುವ ಕಿಂಡಿಗೆ ಬೆಳಕು ಕಳಿಸುವುದು ಅದೇ. ಗುಂಡಿ ಒತ್ತಿದೊಡನೆ ಅದು ಮೇಲೆದ್ದು, ಫೋಟೋ ಮೂಡಲು ಬೆಳಕಿಗೆ ದಾರಿ ಬಿಡುತ್ತದೆ. ಅರೆಚಣ ಕಿಂಡಿಯಲ್ಲಿ ಕತ್ತಲೆ. ತಾನು ಹಿಡಿದ ಗಳಿಗೆಯನ್ನು ಫೋಟೋದವನು ಕಣ್ಣಾರೆ ಕಂಡಿರುವುದೇ ಇಲ್ಲ.

“ಚಿಕ್ಕದರಲ್ಲಿ ಕನ್ನಡೀನೇ ಇಲ್ಲ ಭಾವ. ಒಂಚೂರೂ ಕತ್ತಲಾಗಲ್ಲ,” ಎಂದೆ, ಹೊಗಳುತ್ತಿದ್ದೇನೆ ಅಂದುಕೊಂಡು.

ಭಾವನ ಮುಖ ಬಿಳಿಚಿಕೊಂಡಿತು. ಮಗಳು ಗಿರಾಕಿ ಬಂದರೆಂದು ಕೆಳಗಿಳಿದ ಮೇಲೆ ಬಾಯಿಬಿಟ್ಟರು.

“ನಿಮ್ಮಕ್ಕ ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಸ್ಟೂಲ್ ಮೇಲೆ ಕೂರಿಸಿ ಒಂದು ತೆಗೆದೆ. ಒತ್ತೋ ಮುಂಚೆ ನನ್ನೇ ನೋಡ್ತಿದ್ಳು, ಒತ್ತಿದ ಮೇಲೂ ನನ್ನೇ. ಫೋಟೋದಲ್ಲಿ ಮಾತ್ರ ನನ್ನ ಹೆಗಲ ಹಿಂದೆ ಯಾರನ್ನೋ ನೋಡಿ ನಗ್ತಿದಾಳೆ.”

“ಹಿಂದೆ ಯಾರಿದ್ರು?”

“ಗೋಡೆ.”

ಅಕ್ಕ ಆಸ್ಪತ್ರೆಯಿಂದ ಮರಳಲೇ ಇಲ್ಲ.

“ಈಗ ಯಾರ ಫೋಟೋ ತೆಗೆದ್ರೂ ಆ ಕತ್ತಲೇಲಿ ಅವಳಿರ್ತಾಳೆ ಕಣೋ. ಇದರಲ್ಲಿ ಎಲ್ಲಿ ಬರ್ತಾಳೆ?”

ಸ್ಕ್ರೂ, ಸ್ಪ್ರಿಂಗು ಬಿಟ್ಟು ಬೇರೇನನ್ನೂ ನಂಬದವನು ನಾನು. ಆದರೂ ಕನ್ನಡಿಯಿಲ್ಲದ್ದನ್ನು ಮತ್ತೆ ಹೊಗಳಲಿಲ್ಲ. ಐದು ದಿನ ಅವರು ಚಿಕ್ಕದನ್ನು ಮುಟ್ಟಲಿಲ್ಲ.

ಆರನೆಯ ದಿನ, ಮುದುಕಿಯೊಬ್ಬಳ ಫೋಟೋ ತೆಗೆಯುವಾಗ ಭಾವನ ಭುಜ ಸೋತು ದೊಡ್ಡ ಕ್ಯಾಮೆರಾ ಕೈಜಾರಿತು. ಸ್ಟೂಲಿನ ಅಂಚಿಗೆ ಬಡಿದದ್ದೇ, ಕನ್ನಡಿ ಮೇಲೆದ್ದು ಅಲ್ಲೇ ಕಚ್ಚಿಕೊಂಡಿತು; ಕಿಂಡಿಯ ಕತ್ತಲೆ ಸರಿಯಲೇ ಇಲ್ಲ. ಮಗುವನ್ನೆತ್ತಿಕೊಂಡ ಹಾಗೆ ಎತ್ತಿಕೊಂಡು ಮೇಲೆ ಬಂದರು.

“ಹತ್ತು ನಿಮಿಷದ ಕೆಲಸ,” ಎಂದು ನಾನು ತಿರುಪುಳಿ ಎತ್ತಿಕೊಂಡೆ.

“ತಡಿ,” ಎಂದು ಭಾವ ಕಿಂಡಿಗೆ ಕಣ್ಣಿಟ್ಟರು. ಕೆಳಗಿನಿಂದ ಮಗಳು ಎರಡು ಸಲ ಕೂಗಿದರೂ ಕಣ್ಣು ತೆಗೆಯಲಿಲ್ಲ.

“ರಿಪೇರಿ ಬೇಡ. ಅವಳು ಇಲ್ಲೇ ಇರ್ಲಿ. ಕೆಲಸಕ್ಕೆ ಬೆಂಕಿಪೊಟ್ಟಣ ಸಾಕು,” ಎಂದು ಇಳಿದುಹೋದರು.

ದೊಡ್ಡದು ನನ್ನ ಕಪಾಟಿನಲ್ಲಿದೆ. ಸ್ಟುಡಿಯೊ ಮುಚ್ಚಿದ ಮೇಲೆ ಭಾವ ಮೆಟ್ಟಿಲು ಹತ್ತಿ ಬಂದು ಕಣ್ಣಿಟ್ಟು ಹೋಗುತ್ತಾರೆ. ಅವರು ಬಾರದ ಒಂದು ದಿನ ನಾನೂ ಕಣ್ಣಿಟ್ಟೆ. ಬರೀ ಕತ್ತಲೆ. ಆದರೂ ತಟ್ಟನೆ ಹೆಗಲ ಹಿಂದೆ ತಿರುಗಿ ನೋಡಿಕೊಂಡೆ.

ಗೋಡೆಯೇ ಇತ್ತು.